ಕಣ್ಣೆದುರೇ ಮಂಕಾದ ರೇಷ್ಮೆ ಗೂಡು

ಪ್ರಶ್ನೆ: ಮಾವನ ಹುಳು ಮನೆಯಲ್ಲಿ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ತುಂಬಾ ಗೂಡು ಕಟ್ಟಿತ್ತು. ನನ್ನ ನಿಕಾನ್ ಕ್ಯಾಮೆರಾದಲ್ಲಿ ರಾ ಫೋಟೊ ತೆಗೆದೆ. ಕ್ಯಾಮೆರಾ ಪರದೆಯಲ್ಲಿ ಗೂಡು ಅರಿಶಿನದ ಹಾಗೆ ಹೊಳೆಯುತ್ತಿತ್ತು. ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ತೆರೆದರೆ ಒಂದು ಕ್ಷಣ ಹಾಗೇ ಕಂಡು, ಆಮೇಲೆ ಕಣ್ಣೆದುರೇ ಮಂಕಾಯಿತು. ಅಂಗಡಿಯವರು ಹೇಳಿದರೆಂದು ಕಾರ್ಡ್ ಬದಲಿಸಿದೆ. ಅದೇ ಕಥೆ. ಕ್ಯಾಮೆರಾ ಕೆಟ್ಟಿದೆಯೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಕಾರ್ಡಿಗೆ ದುಡ್ಡು ಹಾಕಿದ್ದು ಕೇಳಿ ಬೇಜಾರಾಯಿತು. ಕ್ಯಾಮೆರಾ ಚೆನ್ನಾಗಿದೆ, ಹಳೇ ಕಾರ್ಡೂ ಚೆನ್ನಾಗಿಯೇ ಇತ್ತು. ಆ ‘ಒಂದು ಕ್ಷಣ’ ಗಮನಿಸಿದಿರಲ್ಲ, ಉತ್ತರ ಇರುವುದು ಅಲ್ಲೇ.

ಕ್ಯಾಮೆರಾ ಪರದೆಯಲ್ಲಿ ನೀವು ನೋಡಿದ್ದು ರಾ ಅಲ್ಲ. ರಾ ಅಂದರೆ ಸೆನ್ಸರ್ ಅಳೆದ ಕಚ್ಚಾ ಲೆಕ್ಕ. ಸೆನ್ಸರ್ ಮೇಲಿನ ಒಂದೊಂದು ಚುಕ್ಕಿಯೂ ಎಷ್ಟು ಬೆಳಕು ಬಿತ್ತು ಎಂದಷ್ಟೇ ಅಳೆಯುತ್ತದೆ. ಅದರ ಮೇಲೆ ಬಣ್ಣದ ಫಿಲ್ಟರ್ ಇರುತ್ತದೆ. ನಾಲ್ಕು ಚುಕ್ಕಿಯಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅವರ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಹಳದಿಗೆ ಫಿಲ್ಟರೇ ಇಲ್ಲ ನೋಡಿ! ನಿಮ್ಮ ಗೂಡಿನ ಹಳದಿಯನ್ನು ಕೆಂಪು, ಹಸಿರಿನ ಲೆಕ್ಕದಿಂದ ಯಾರಾದರೂ ಕಟ್ಟಿ ಕೊಡಬೇಕು.

ಮೊದಲು ಕಟ್ಟುವುದು ಕ್ಯಾಮೆರಾ. ಕ್ಲಿಕ್ ಮಾಡಿದ ಕೂಡಲೇ ತನ್ನ ಪಿಕ್ಚರ್ ಕಂಟ್ರೋಲ್ (ಬಣ್ಣದ ಸೆಟ್ಟಿಂಗ್) ಪ್ರಕಾರ ಒಂದು ಜೆಪೆಗ್ ಮಾಡಿ, ರಾ ಫೈಲಿನ ಒಳಗೇ ಇಡುತ್ತದೆ. ನಿಮ್ಮದು ಬಹುಶಃ ಬಣ್ಣ ಗಾಢ ಮಾಡುವ ವಿವಿಡ್‌ನಲ್ಲಿದೆ. ಲೈಟ್‌ರೂಮ್ ಮೊದಲು ತೋರಿಸಿದ್ದು ಆ ಜೆಪೆಗ್. ಆಮೇಲೆ ಅದನ್ನು ಬದಿಗಿಟ್ಟು ಅಡೋಬಿ ಕಲರ್ ಎಂಬ ತನ್ನ ಪ್ರೊಫೈಲ್‌ನಲ್ಲಿ (ಬಣ್ಣ ಕಟ್ಟುವ ಸೂತ್ರದಲ್ಲಿ) ತನ್ನದೇ ಚಿತ್ರ ಕಟ್ಟಿತು. ಬಣ್ಣ ಎಲ್ಲೂ ಕಳೆದಿಲ್ಲ.

ನಾನು ರೀಲಿನ ಕಾಲದವನು, ನನಗೆ ರಾ ಅಂದರೆ ನೆಗೆಟಿವ್ ಇದ್ದ ಹಾಗೆ. ಚಿಕ್ಕಬಳ್ಳಾಪುರದ ಒಂದು ಮದುವೆಯ ಒಂದೇ ನೆಗೆಟಿವ್ ಅನ್ನು ಎರಡು ಲ್ಯಾಬಿಗೆ ಕೊಟ್ಟಿದ್ದೆ. ಒಂದು ಪ್ರಿಂಟಿನಲ್ಲಿ ಧಾರೆ ಸೀರೆ ಗಾಢ ಅರಿಶಿನ, ಇನ್ನೊಂದರಲ್ಲಿ ಹಾಲಿನ ಕೆನೆ. ಮದುಮಗಳ ತಾಯಿ ಮಾತೇ ಆಡಲಿಲ್ಲ. ಒಳಗಿನಿಂದ ಸೀರೆಯನ್ನೇ ತಂದು, ಸೆರಗು ಬಿಡಿಸಿ ಎರಡೂ ಪ್ರಿಂಟ್ ಪಕ್ಕ ಹಾಸಿದರು. ಎರಡೂ ತಪ್ಪು! ಮೂರನೇ ಸಲ ಪ್ರಿಂಟ್ ಹಾಕಿಸಿ ಕೊಟ್ಟೆ.

ಈಗ ನಿಮ್ಮ ಕೆಲಸ. ಲೈಟ್‌ರೂಮ್‌ನ ಪ್ರೊಫೈಲ್ ಪಟ್ಟಿಯಲ್ಲಿ ‘ಕ್ಯಾಮೆರಾ ಮ್ಯಾಚಿಂಗ್’ ತೆರೆದು ‘ಕ್ಯಾಮೆರಾ ವಿವಿಡ್’ ಹಾಕಿ ನೋಡಿ. ಪರದೆಯಲ್ಲಿ ಕಂಡ ಬಣ್ಣದ ತೀರಾ ಹತ್ತಿರ ಬರುತ್ತದೆ. ಇನ್ನೂ ಹತ್ತಿರ ಬೇಕಾದರೆ ನಿಕಾನ್‌ನವರದ್ದೇ ಎನ್‌ಎಕ್ಸ್ ಸ್ಟುಡಿಯೊ ಸಾಫ್ಟ್‌ವೇರ್ ಇದೆ, ಉಚಿತ. ಅದು ಕ್ಯಾಮೆರಾ ಸೆಟ್ಟಿಂಗನ್ನು ಹಾಗೇ ಓದುತ್ತದೆ. ಫೋಟೊ ಕತ್ತಲೆಯಾಗಿಯೂ ಕಂಡರೆ ಮುಂದಿನ ಸಲ ತೆಗೆಯುವ ಮುಂಚೆ ಕ್ಯಾಮೆರಾದಲ್ಲಿ ಆ್ಯಕ್ಟಿವ್ ಡಿ-ಲೈಟಿಂಗ್ ಆಫ್ ಮಾಡಿ. ಅದು ಬೆಳಕು ಸ್ವಲ್ಪ ಕಮ್ಮಿ ತೆಗೆದುಕೊಂಡು ಜೆಪೆಗ್‌ನಲ್ಲಿ ಎತ್ತಿ ತೋರಿಸುತ್ತದೆ. ಲೈಟ್‌ರೂಮ್ ಹಾಗೆ ಎತ್ತುವುದಿಲ್ಲ.

ಆದರೆ ಕ್ಯಾಮೆರಾ ಪರದೆಯನ್ನೇ ಗುರಿ ಮಾಡಿಕೊಳ್ಳಬೇಡಿ ಅಂತ ನನ್ನ ಒತ್ತಾಯ. ಸಿಬಿ (ಮಿಶ್ರತಳಿ) ಗೂಡಿನ ಹಳದಿ ತಿಳಿಯಾದದ್ದು, ಸ್ವಲ್ಪ ಹಸಿರು ಬೆರೆತದ್ದು. ಅದನ್ನು ಅರಿಶಿನ ಮಾಡುವುದು ವಿವಿಡ್‌ನ ಕೆಲಸ. ನನಗಂತೂ ಆ ತಿಳಿ ಬಣ್ಣವೇ ಚಂದ. ಈ ಬೆಳೆ ಮಾರ್ಕೆಟ್ಟಿಗೆ ಹೋಗುವ ಮುಂಚೆ ಮಾವನ ಹತ್ತಿರ ಎರಡು ಗೂಡು ಕೇಳಿ ಇಟ್ಟುಕೊಳ್ಳಿ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಕೂತು, ಗೂಡನ್ನು ಕೈಯಲ್ಲಿ ಹಿಡಿದೇ ಬಣ್ಣ ತಿದ್ದಿ.