ಸಂಪಾದಕರ ಉತ್ತರ: 262 ಜನರೋ, 330 ಜನರೋ?

ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಹೋದ ಸಂಚಿಕೆಯ ಗೆಟ್ಟಿಸ್‌ಬರ್ಗ್ ಲೇಖನ ಓದಿ ಪತ್ರ ಬರೆದಿದ್ದಾರೆ. ಅಮೆರಿಕದ ಅಂತರ್ಯುದ್ಧದ ಆ ಕಾಳಗದಲ್ಲಿ ಫಸ್ಟ್ ಮಿನ್ನೆಸೋಟ ರೆಜಿಮೆಂಟಿನ 262 ಜನರಲ್ಲಿ 215 ಜನ ಬಿದ್ದರು ಎಂದು ನಾವು ಬರೆದಿದ್ದೆವು. ಅವರು ಬೇರೊಂದು ಕಡೆ 330ರಲ್ಲಿ 224 ಎಂದು ಓದಿದ್ದಾರೆ. ಯಾವುದು ಸರಿ ಎಂಬುದು ಮೊದಲ ಪ್ರಶ್ನೆ. ಸಾವಿರ ಜನರ ಪಡೆ ಎರಡೇ ವರ್ಷದಲ್ಲಿ ಇಷ್ಟು ಕರಗಿದ್ದು ಹೇಗೆ ಎಂಬುದು ಎರಡನೆಯದು. ಆಗ ಕಿತ್ತುಕೊಂಡ ವರ್ಜೀನಿಯಾದ ಬಾವುಟವನ್ನು ವಾಪಸ್ ಕೊಟ್ಟರಾ ಎಂದೂ ಕೇಳಿದ್ದಾರೆ.

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡ್ತೇನೆ. ಅದು ತಿಳಿದರೆ ಮೊದಲನೆಯದು ಸುಲಭ.

1861ರ ಏಪ್ರಿಲ್ 14ರಂದು ಮಿನ್ನೆಸೋಟದ ಗವರ್ನರ್ ಅಲೆಕ್ಸಾಂಡರ್ ರಾಮ್ಸೆ ವಾಷಿಂಗ್ಟನ್‌ನಲ್ಲಿದ್ದ. ಲಿಂಕನ್ ಸರ್ಕಾರದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರು ಸಮ್ಟರ್ ಕೋಟೆಯನ್ನು ಹಿಡಿದ ಸುದ್ದಿ ಆಗಷ್ಟೇ ಬಂದಿತ್ತು. ಅವನು ನೇರ ಯುದ್ಧಮಂತ್ರಿಯ ಹತ್ತಿರ ಹೋಗಿ, ನಮ್ಮ ಕಡೆಯಿಂದ ಸಾವಿರ ಜನ ಕೊಡ್ತೇವೆ ಎಂದ. ಮಿನ್ನೆಸೋಟ ರಾಜ್ಯವಾಗಿ ಆಗಿನ್ನೂ ಮೂರು ವರ್ಷ! ಲಿಂಕನ್ ಸರ್ಕಾರಕ್ಕೆ ಮೊದಲು ಪಡೆ ಕೊಡಲು ಬಂದವರು ನಾವೇ ಎಂದು ಆ ರಾಜ್ಯದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮರ ಕಡಿಯುವವರು, ರೈತರು, ಗುಮಾಸ್ತರು ಮಿನ್ನೆಸೋಟದ ಸೇನಾ ಕೋಟೆ ಫೋರ್ಟ್ ಸ್ನೆಲ್ಲಿಂಗ್‌ನಲ್ಲಿ ಸೇರಿದರು. ಮೊದಲು ಮೂರು ತಿಂಗಳ ಕೆಲಸ ಎಂದಿದ್ದರು. ಆಮೇಲೆ ಮೂರು ವರ್ಷ ಎಂದಾಯಿತು. ಕೆಲವರು ಅಲ್ಲೇ ಮನೆಗೆ ಹೊರಟರು.

ಉಳಿದವರು ಜುಲೈಯಲ್ಲಿ ಬುಲ್ ರನ್‌ನಲ್ಲಿ ಕಾದಾಡಿದರು. ಆ ದಿನ ಉತ್ತರದ, ಅಂದರೆ ಲಿಂಕನ್ ಸರ್ಕಾರದ, ಕಡೆ ಜಾಸ್ತಿ ಜನ ಕಳೆದುಕೊಂಡ ರೆಜಿಮೆಂಟುಗಳಲ್ಲಿ ಇದೂ ಒಂದು. ಮರುವರ್ಷ ದಕ್ಷಿಣದವರ ರಾಜಧಾನಿ ರಿಚ್ಮಂಡ್ ಕಡೆಯ ಜೌಗು ನೆಲ. 1862ರ ಸೆಪ್ಟೆಂಬರಿನಲ್ಲಿ ಆಂಟೀಟಮ್ ಕಾಳಗ. ಅಲ್ಲಿ ಇವರಿದ್ದ ಜನರಲ್ ಸೆಡ್ಜ್‌ವಿಕ್‌ನ ಡಿವಿಜನ್ (ಹಲವು ರೆಜಿಮೆಂಟುಗಳ ದೊಡ್ಡ ಪಡೆ) ಒಂದು ಕಾಡಿನಂಚಿನಲ್ಲಿ ಸ್ವಲ್ಪ ಹೊತ್ತಿನಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಗುಂಡಿನ ಜೊತೆಗೆ ಭೇದಿ, ವಿಷಮಶೀತಜ್ವರ ಬೇರೆ. ಆ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತವರೇ ಹೆಚ್ಚು.

ಹೋದವರ ಜಾಗಕ್ಕೆ ಹೊಸಬರನ್ನು ಕಳಿಸಬಹುದಿತ್ತು ಅಲ್ವಾ? ಸಾಕಷ್ಟು ಕಳಿಸಲಿಲ್ಲ. ಗವರ್ನರುಗಳಿಗೆ ಹಳೇ ರೆಜಿಮೆಂಟ್ ತುಂಬಿಸುವುದಕ್ಕಿಂತ ಹೊಸದು ಕಟ್ಟುವುದೇ ಇಷ್ಟ. ಹೊಸದಕ್ಕೆ ಹೊಸ ಕರ್ನಲ್, ಮೇಜರ್, ಕ್ಯಾಪ್ಟನ್ ಬೇಕು. ಆ ಹುದ್ದೆಗಳನ್ನು ತಮ್ಮವರಿಗೆ ಹಂಚಬಹುದು. ನನ್ನ ಮಟ್ಟಿಗೆ ಇದು ಶುದ್ಧ ರಾಜಕೀಯ. ಅದರ ಬೆಲೆ ತೆತ್ತವರು ಹಳೇ ಸಿಪಾಯಿಗಳು. ಮಿನ್ನೆಸೋಟಕ್ಕೆ ಇನ್ನೊಂದು ಕಾರಣವೂ ಇತ್ತು. 1862ರಲ್ಲಿ ಊರಲ್ಲೇ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ಜೊತೆ ಯುದ್ಧ ಎದ್ದಿತು. ಹೊಸದಾಗಿ ಸೇರಿದ ಎಷ್ಟೋ ಪಡೆಗಳು ಅತ್ತ ಹೋದವು. ಆ ಚಳಿಗಾಲದಲ್ಲಿ ಸುಮಾರು 1,600 ಡಕೋಟ ಹೆಂಗಸರು, ಮಕ್ಕಳು, ಮುದುಕರನ್ನು ಕೂಡಿಹಾಕಿದ್ದು ಇದೇ ಫೋರ್ಟ್ ಸ್ನೆಲ್ಲಿಂಗ್ ಕೆಳಗೆ. ರೆಜಿಮೆಂಟಿನ ಕಥೆ ಹೇಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಈಗ ಗೆಟ್ಟಿಸ್‌ಬರ್ಗ್, 1863ರ ಜುಲೈ 2ರ ಸಂಜೆ. ಉತ್ತರದ ಕಡೆಯ ಸಿಕಲ್ಸ್ ಎಂಬ ಜನರಲ್ ಆಜ್ಞೆ ಇಲ್ಲದೆ ತನ್ನ ಪಡೆಯನ್ನು ಮುಂದಕ್ಕೆ ಒಯ್ದು, ಅಲ್ಲಿ ಏಟು ತಿಂದು, ಅವನ ಜನ ಹಿಂದಕ್ಕೆ ಓಡಿಬರುತ್ತಿದ್ದರು. ದಿಬ್ಬದ ಮೇಲೆ ದೊಡ್ಡ ಸಂದು ಬಿದ್ದಿತ್ತು. ದಕ್ಷಿಣದವರ ಪೈಕಿ ಅಲಬಾಮಾದ ಒಂದು ಇಡೀ ಬ್ರಿಗೇಡ್ (ಕೆಲವು ರೆಜಿಮೆಂಟುಗಳ ಪಡೆ) ಅದರ ಕಡೆಗೇ ಬರುತ್ತಿತ್ತು. ಜನರಲ್ ಹ್ಯಾನ್‌ಕಾಕ್ ಕುದುರೆ ಓಡಿಸಿಕೊಂಡು ಬಂದಾಗ ಕೈಗೆ ಸಿಕ್ಕಿದ್ದು ಫಸ್ಟ್ ಮಿನ್ನೆಸೋಟದ ಎಂಟು ಕಂಪನಿ, ಅಂದರೆ ರೆಜಿಮೆಂಟಿನ ಎಂಟು ತುಕಡಿ. ಯಾವ ರೆಜಿಮೆಂಟ್ ಎಂದು ಕೇಳಿದ, ಎದುರಿನ ಸಾಲಿನ ಮೇಲೆ ನುಗ್ಗಿ ಎಂದ. ಅವನಿಗೆ ಬೇಕಾಗಿದ್ದು ಮೀಸಲು ಪಡೆ ಬರುವವರೆಗಿನ ಕೆಲವು ನಿಮಿಷ.

ಈ ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ವಿಲಿಯಂ ಕೊಲ್ವಿಲ್ ನಮ್ಮದೇ ಕಸುಬಿನವನು. ಯುದ್ಧಕ್ಕೆ ಮುಂಚೆ ರೆಡ್ ವಿಂಗ್ ಎಂಬ ಊರಲ್ಲಿ ಪತ್ರಿಕೆ ಸಂಪಾದಕ. ಕಾಳಗಕ್ಕೆ ಕೆಲವೇ ದಿನ ಮುಂಚೆ ಅವನನ್ನು ಬಂಧನದಲ್ಲಿಟ್ಟಿದ್ದರು. ತಪ್ಪು ಏನು ಗೊತ್ತಾ? ಹೊಳೆ ದಾಟುವಾಗ ನೀರಿಗಿಳಿದೇ ನಡೆಯಬೇಕೆಂದು ಆಜ್ಞೆ ಇತ್ತು. ಇವನ ಹುಡುಗರು ಬೂಟು ನೆನೆಯದಂತೆ ಮರದ ದಿಮ್ಮಿ ಮೇಲೆ ದಾಟಿದ್ದರು. ಕಾಳಗದ ದಿನ ಬಿಡುಗಡೆ ಆಯಿತು. ಸಂಜೆ ಅವನೇ ಮುಂದೆ ನಿಂತು ಇಳಿಜಾರಿನಲ್ಲಿ ಪ್ಲಮ್ ರನ್ ಎಂಬ ಸಣ್ಣ ತೊರೆಯವರೆಗೆ ಓಡಿದ. ಬಯೋನೆಟ್ ಹಿಡಿದ ಇವರ ಸಾಲು ಅಲಬಾಮಾದವರ ಮೊದಲ ಸಾಲನ್ನು ಮುರಿಯಿತು. ಬಾವುಟ ಹಿಡಿದವರು ಒಬ್ಬರ ಮೇಲೊಬ್ಬರು ಬಿದ್ದರು. ಕೊಲ್ವಿಲ್‌ಗೂ ಗುಂಡು ತಗುಲಿತು, ಬದುಕಿ ಉಳಿದ. ಆದರೆ ಸಂದು ಮುಚ್ಚಿತು.

ಇನ್ನು ಲೆಕ್ಕ. 262 ಎಂದರೆ ನುಗ್ಗಿದ ಎಂಟು ಕಂಪನಿಯವರು ಮಾತ್ರ. 215 ಬಿದ್ದರು, 47 ಸಾಲಿನಲ್ಲಿ ಉಳಿದರು, ಒಬ್ಬನೂ ಕಾಣೆಯಾಗಿಲ್ಲ ಎಂದು ಕಾಳಗದ ನೆಲದಲ್ಲಿರುವ ಸ್ಮಾರಕ ಹೇಳುತ್ತದೆ. 330 ಎಂದರೆ ಬೇರೆ ಕೆಲಸದಲ್ಲಿದ್ದವರೂ ಸೇರಿದ ಒಟ್ಟು ಲೆಕ್ಕ. 224 ಎಂಬುದು ಸೇನೆಯ ಕಾಗದಪತ್ರದ ಲೆಕ್ಕ, ಜುಲೈ 2 ಮತ್ತು 3 ಎರಡೂ ದಿನದ್ದು: 50 ಸಾವು, 173 ಗಾಯಾಳು, ಒಬ್ಬ ಕಾಣೆ. ಸ್ಮಾರಕ ಮರುದಿನಕ್ಕೆ ಇನ್ನೂ 17 ಸೇರಿಸುತ್ತದೆ. ಕೂಡಿದರೆ 232. ಅಂದರೆ ಕಲ್ಲಿಗೂ ಕಾಗದಕ್ಕೂ ಎಂಟು ಜನರ ಅಂತರ. ನನ್ನನ್ನು ಕೇಳಿದರೆ ಕಾಗದವನ್ನೇ ನಂಬುತ್ತೇನೆ. ಕಲ್ಲು ಕೆತ್ತಿಸಿದ್ದು ಎಷ್ಟೋ ವರ್ಷ ಆದಮೇಲೆ, ಅಭಿಮಾನದಿಂದ. ಇಂಥ ಶೌರ್ಯಕ್ಕೆ ಯಾವ ಯುದ್ಧದಲ್ಲೂ ಸಾಟಿ ಇಲ್ಲ ಎಂದೂ ಅದು ಹೇಳುತ್ತದೆ. ಆಂಟೀಟಮ್‌ನಲ್ಲಿ ಎದುರು ಪಕ್ಷದ ಫಸ್ಟ್ ಟೆಕ್ಸಾಸ್ 226ರಲ್ಲಿ 186 ಜನರನ್ನು ಕಳೆದುಕೊಂಡಿತ್ತು. 262ರಲ್ಲಿ 215ರಂತೆ ಅದೂ ಶೇ 82. ಇನ್ನೊಂದು ಮಾತು, ‘ಬಿದ್ದವರು’ ಎಂದರೆ ಎಲ್ಲರೂ ಸತ್ತವರಲ್ಲ. ಗಾಯಾಳುಗಳೇ ಜಾಸ್ತಿ.

ಮುಂದಿನದ್ದು ಚುಟುಕಾಗಿ. ಆಗಸ್ಟಿನಲ್ಲಿ ಇವರನ್ನು ನ್ಯೂಯಾರ್ಕ್‌ಗೆ ಕಳಿಸಿದರು. ಕಡ್ಡಾಯ ಸೇನಾ ಭರ್ತಿ ವಿರೋಧಿಸಿ ಅಲ್ಲಿ ದೊಂಬಿ ಎದ್ದಿತ್ತು. ತಾವಾಗಿಯೇ ಸೇರಿದವರು ಬಲವಂತದ ಭರ್ತಿಗೆ ಕಾವಲು ನಿಂತರು! 1864ರಲ್ಲಿ ಮೂರು ವರ್ಷ ಮುಗಿದು ರೆಜಿಮೆಂಟ್ ಕಳಚಿತು. ಮತ್ತೆ ಸೇರಿದ ಕೆಲವರು ಬೆಟಾಲಿಯನ್ ಆಗಿ ಮುಂದುವರಿದರು.

ಬಾವುಟದ ವಿಷಯ. ಜುಲೈ 3ರಂದು 28ನೇ ವರ್ಜೀನಿಯಾದ ಬಾವುಟವನ್ನು ಕಿತ್ತುಕೊಂಡವನು ಮಾರ್ಷಲ್ ಶರ್ಮನ್ ಎಂಬ ಸಿಪಾಯಿ. ಅದಕ್ಕೆ ಅವನಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು. ಅದನ್ನು ವಾಪಸ್ ಕೊಡಿ ಎಂದು ವರ್ಜೀನಿಯಾದವರು ಹಲವು ಸಲ ಕೇಳಿದ್ದಾರೆ, ಕೊಟ್ಟಿಲ್ಲ. ನಾವು ಗೆದ್ದವರು, ಯಾಕೆ ಕೊಡಬೇಕು ಎಂದು ಮಿನ್ನೆಸೋಟದ ಆಗಿನ ಗವರ್ನರ್ ಜೆಸ್ಸಿ ವೆಂಚುರಾ ಕೇಳಿದ್ದ. 2013ರಲ್ಲಿ ಕಾಳಗದ 150ನೇ ವರ್ಷಕ್ಕೆ ಸಾಲವಾಗಿ ಕೇಳಿದಾಗಲೂ ಆಗಿನ ಗವರ್ನರ್ ಮಾರ್ಕ್ ಡೇಟನ್ ಕೊಡಲಿಲ್ಲ. ಅದು ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಬಳಿ, ನಿಮ್ಮ ಪಕ್ಕದ ಸೇಂಟ್ ಪಾಲ್‌ನಲ್ಲಿದೆ. ಯಾವಾಗಲೂ ಪ್ರದರ್ಶನಕ್ಕೆ ಇಟ್ಟಿರುವುದಿಲ್ಲ. ಸುಮ್ನೆ ಹೋಗಿ ನಿರಾಶೆಯಾಗುವುದು ಬೇಡ, ಮೊದಲು ಫೋನ್ ಮಾಡಿ ಕೇಳಿ.