ಹುಟ್ಟಿದಾಗ ಅಳದ ಮಗುವಿಗೆ ಕೂಲಿಂಗ್: ಐಸ್ ಪ್ಯಾಕ್ ಸಾಲದಾ?

ಅಕ್ಕನ ಮಗು ಹುಟ್ಟಿದಾಗ ಅಳಲಿಲ್ಲ, ಕೂಲಿಂಗ್ ಮಾಡಿಸಬೇಕೆಂದು ದೊಡ್ಡಾಸ್ಪತ್ರೆಗೆ ಕಳಿಸಿದ್ದಾರೆ, ಅಷ್ಟಕ್ಕೆ ಐಸ್ ಪ್ಯಾಕ್ ಸಾಲದಾ ಅಂತ ಕೇಳಿದ್ದೀರಿ. ನಾನು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಸ್ಟಾಫ್ ನರ್ಸ್. ಮಗುವನ್ನು ತಣ್ಣಗೆ ಮಾಡೋದು ದೊಡ್ಡ ಕೆಲಸವಲ್ಲ. ಮೂರು ದಿನ ಒಂದೇ ಮಟ್ಟದಲ್ಲಿ ತಣ್ಣಗೆ ಇಡೋದಿದೆಯಲ್ಲ, ಅದು ಕಷ್ಟ.

ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟು ಬಿದ್ದಿರುತ್ತೆ. ಉಸಿರು ಬಂದ ಮೇಲೂ, ಕೆಲವು ಗಂಟೆ ಬಿಟ್ಟು ಮಿದುಳಿನ ಜೀವಕೋಶಗಳು ಮತ್ತೆ ಸಾಯೋಕೆ ಶುರುವಾಗುತ್ತವೆ. ಅದನ್ನು ತಡೆಯೋಕೇ ಹುಟ್ಟಿದ 6 ಗಂಟೆಯೊಳಗೆ ಮೈಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ಅಲ್ಲೇ ನಿಲ್ಲಿಸಿ, ಆಮೇಲೆ ಗಂಟೆಗೆ ಅರ್ಧ ಡಿಗ್ರಿಯಂತೆ ಏರಿಸೋದು. ಐಸ್ ಇಟ್ಟರೆ ನೋಡನೋಡುತ್ತ 32ಕ್ಕೆ ಜಾರುತ್ತೆ, ತೆಗೆದರೆ 35. ರಾತ್ರಿಯಿಡೀ ಇಡು, ತೆಗಿ, ಇಡು, ತೆಗಿ.

ನಮ್ಮಲ್ಲಿರೋದು ಮಿರಾಕ್ರೇಡಲ್. ಪ್ಲಸ್ ಕಂಪನಿಯವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಜೊತೆ ಸೇರಿ ಮಾಡಿದ ತೊಟ್ಟಿಲು. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ, ಅಂಥ ಗುಣದ ವಸ್ತು ಹಾಸಿಗೆಯೊಳಗಿರುತ್ತೆ. ಮಗುವಿನ ಶಾಖ ಹೀರಿ ನಿಧಾನಕ್ಕೆ ಕರಗುತ್ತ, ತನ್ನ ಉಷ್ಣತೆ ಮಾತ್ರ ಬದಲಾಗದೆ ಉಳಿಯುತ್ತೆ. ಕರೆಂಟ್ ಹೋದರೂ ನಡೆಯುತ್ತೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿದ್ಯಾರ್ಥಿಗಳಂತೂ ಮಣ್ಣಿನ ಕುಂಡ, ಮರಳು ಇಟ್ಟುಕೊಂಡು ಸುಮಾರು 40 ಡಾಲರ್‌ನಲ್ಲೇ ತಂಪು ಮಾಡೋ ಸಾಧನವೊಂದನ್ನು ಮಾಡಿದ್ದರು, ಹಂದಿಮರಿಗಳ ಮೇಲೆ ಪರೀಕ್ಷೆಯೂ ಆಗಿತ್ತು.

ಆದರೆ ಇಂಥ ಮಕ್ಕಳಿಗೆ ಕೂಲಿಂಗ್‌ನಿಂದ ಉಪಯೋಗವಾಗುತ್ತಾ ಅಂತ ನೋಡಿದ ಹೆಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳು. ಬೆಂಗಳೂರಿನವರೂ ಇದ್ದರು. ತಂಪು ಮಾಡಿದವರಲ್ಲಿ ಶೇ. 42, ಮಾಡದವರಲ್ಲಿ ಶೇ. 31 ಮಕ್ಕಳು ತೀರಿಕೊಂಡರು. ಅಲ್ಲಿ ಬಳಸಿದ್ದು ಅಗ್ಗದ ತೊಟ್ಟಿಲಲ್ಲ, ತಾನೇ ತಾಪಮಾನ ಹಿಡಿದಿಡುವ ಯಂತ್ರ. ಹಾಗಾಗಿ ಸಾಮಾನು ಕಳಪೆ ಅನ್ನೋ ಹಾಗೂ ಇಲ್ಲ. ಆಮೇಲಿಂದ ಯಾವ ಮಗುವಿಗೆ ಮಾಡಬೇಕು, ಯಾವುದಕ್ಕೆ ಬೇಡ ಅಂತ ನಮ್ಮ ಡಾಕ್ಟರುಗಳು ಹತ್ತು ಸಲ ಯೋಚಿಸ್ತಾರೆ. ನನಗೂ ಅದೇ ಸರಿ ಅನ್ನಿಸುತ್ತೆ. ವೆಂಟಿಲೇಟರ್, ಫಿಟ್ಸ್ ಬಂದರೆ ನೋಡೋರು, ಗುದದಲ್ಲಿ ಸದಾ ತಾಪಮಾನ ತೋರಿಸೋ ಪ್ರೋಬ್ ಇಲ್ಲದ ಕಡೆ ಐಸ್ ಇಡೋ ಸಾಹಸ ಬೇಡವೇ ಬೇಡ.

ಹೋದ ವರ್ಷ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಕುಂಚಿಗಿ (ಕೂಸಿಗೆ ಹಾಕೋ ಕುಲಾವಿ) ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. "ಯಕ್ಕಾ, ಕೂಸಿನ ಕಾಲು ತಣ್ಣಗ ಅದಾವ, ಇದನ್ನರ ಹಾಕ್ರಿ." ಬಾಣಂತಿ ಕೋಣೆಗೆ ಕೆಂಡ ಇಟ್ಟು ಬೆಳೆಸಿದ ಜೀವ, ಏನಂತ ಹೇಳೋದು? ಕುಂಚಿಗಿ ಇಸಕೊಂಡು ಟೇಬಲ್ ಮೇಲಿಟ್ಟೆ, ನಾಲ್ಕನೇ ದಿನ ಹಾಕ್ತೀನಿ ಅಂದೆ. ಹಾಕಿದೆ ಕೂಡ.

ಮತ್ತೊಂದು, ಮಾನಿಟರ್‌ನಲ್ಲಿ ಎದೆಬಡಿತ ನೂರರ ಕೆಳಗೆ ಕಂಡರೆ ಅಕ್ಕನಿಗೆ ಗಾಬರಿಯಾಗಬೇಡ ಅನ್ನಿ. ಮೈ ತಣ್ಣಗಿದ್ದಾಗ ಸಾಮಾನ್ಯವಾಗಿ ಹಾಗೇ ಇರುತ್ತೆ. ಅನುಮಾನ ಬಂದರೆ ಅಲ್ಲಿನ ಸಿಸ್ಟರ್‌ನ ಕೇಳಲಿ, ರಾತ್ರಿ ಎರಡಾದರೂ ಪರವಾಗಿಲ್ಲ.