ಎಲೆಕ್ಟ್ರಿಕ್ ಪಿಕಪ್‌ಗೆ ಮೊದಲು ಏನೇನು ಹಾಕಿಸಬೇಕು?

ಬಂಗಾರಪೇಟೆ ಕಡೆಯಿಂದ ತರಕಾರಿ ಸಾಗಿಸಲು ಎಲೆಕ್ಟ್ರಿಕ್ ಪಿಕಪ್ ಬುಕ್ ಮಾಡಿದ್ದೀರಿ, ಕಬ್ಬಿಣದ ಫ್ರೇಮು, ಕ್ಯಾರಿಯರ್, ಎಲ್‌ಇಡಿ ಲೈಟು ಎಲ್ಲ ಒಟ್ಟಿಗೇ ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ. ಮೊದಲ ದುಡ್ಡು ಮನೆಯ ಚಾರ್ಜಿಂಗ್ ಪಾಯಿಂಟ್‌ಗೆ ಹಾಕಿ.

ನನ್ನದು ಟಾಟಾ ಏಸ್ ಇವಿ 1000. ಶ್ರೀನಿವಾಸಪುರ ಕಡೆಯ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಬ್ಯಾಟರಿ 21.3 ಕಿಲೋವ್ಯಾಟ್ ಅವರ್, ಮನೆಯ ಕರೆಂಟಿನಲ್ಲಿ ಖಾಲಿಯಿಂದ ಫುಲ್ ಆಗಲು ಸುಮಾರು ಏಳು ಗಂಟೆ. ಇಸ್ತ್ರಿ ಪೆಟ್ಟಿಗೆಯಾದರೆ ಹತ್ತು ನಿಮಿಷ ಉರಿದು ಆರುತ್ತದೆ, ಇದು ರಾತ್ರಿಯಿಡೀ ಎಳೆಯುತ್ತದೆ ಅಲ್ವಾ? ನಾನು ಹಳೇ ಸಾಕೆಟ್‌ಗೇ ಚುಚ್ಚಿದ್ದೆ. ಮೂರನೇ ದಿನ ಬೆಳಗ್ಗೆ ಪ್ಲಗ್ ಕಿತ್ತರೆ ಒಂದು ಪಿನ್ನು ಕಪ್ಪಗಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಿಗೆ ಅಂಟಿತು. ಅವತ್ತೇ ಮೀಟರ್‌ನಿಂದ ಬೇರೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿ, ಇಂಡಸ್ಟ್ರಿಯಲ್ ಸಾಕೆಟ್, ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚು, ಹೊಸ ಅರ್ತಿಂಗ್ ಹಾಕಿಸಿದೆ. ಬೇಸಿಗೆಯಲ್ಲಿ ನಮ್ಮ ಕಡೆ ಮಣ್ಣು ಒಣಗಿ ಬಿರಿಯುತ್ತದೆ, ಅರ್ತಿಂಗ್ ಗುಂಡಿಗೆ ಆಗಾಗ ಒಂದು ಬಕೆಟ್ ನೀರು ಸುರಿಯಿರಿ.

ಇನ್ನು ಫ್ರೇಮು. ಈ ಗಾಡಿ ಹೊರುವುದು 1 ಟನ್. ಟೊಮೆಟೊ ಬಾಕ್ಸ್ 15 ಕೆಜಿ, ಕ್ರೇಟ್ ಸೇರಿ 17 ಅಂತ ಹಿಡಿದರೆ 58 ಬಾಕ್ಸ್. 80 ಕೆಜಿ ಕಬ್ಬಿಣ ಕೂರಿಸಿದರೆ ಪ್ರತಿ ಟ್ರಿಪ್ಪಿಗೂ ಹತ್ತಿರ ಐದು ಬಾಕ್ಸ್ ಬಾಡಿಗೆ ಹೋಯಿತು, ವಾಪಸ್ ಖಾಲಿ ಬರುವಾಗಲೂ ಆ ಕಬ್ಬಿಣವನ್ನು ಬ್ಯಾಟರಿಯೇ ಎಳೆಯಬೇಕು. ಬಾಡಿ ಎತ್ತರ ಅಗಲ ಬದಲಾಯಿಸಬೇಕಾದರೆ ಆರ್‌ಟಿಒ ಒಪ್ಪಿಗೆಯೂ ಬೇಕು, ಆರ್‌ಸಿಯಲ್ಲಿ ಇರುವುದೇ ಒಂದು, ಗಾಡಿ ಇರುವುದೇ ಒಂದು ಆದರೆ ಇನ್ಶೂರೆನ್ಸ್‌ಗೆ ತಕರಾರು ಬರುತ್ತದೆ.

ನಾನು ಹಾಕಿಸಿದ್ದು ಇಷ್ಟೇ: ತಳಕ್ಕೆ ದಪ್ಪ ರಬ್ಬರ್ ಮ್ಯಾಟು, ಹಗ್ಗ ಕಟ್ಟಲು ಕೊಕ್ಕೆ, ಒಳ್ಳೇ ಟಾರ್ಪಾಲು. ಮ್ಯಾಟ್ ಬಂದ ಮೇಲೆ ಕ್ರೇಟ್ ಜಾರುವುದಿಲ್ಲ, ಕೆಳಗಿನ ಸಾಲಿನ ಹಣ್ಣು ನಜ್ಜಾಗುವುದು ತುಂಬಾ ಕಮ್ಮಿಯಾಯಿತು. ಟಾರ್ಪಾಲನ್ನು ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ಗಾಳಿ ತುಂಬಿ ಉಬ್ಬುತ್ತದೆ, ಚಾರ್ಜ್ ಸುಮ್ನೆ ಹೋಗುತ್ತದೆ.

ಲೈಟ್ ವಿಷಯದಲ್ಲಿ ದಯವಿಟ್ಟು ಹುಷಾರು. ಒಂದು ಅಂಗಡಿಯವರು ನನ್ನ ಹೆಡ್‌ಲೈಟ್ ವೈರನ್ನೇ ಕತ್ತರಿಸಿ ಎಲ್‌ಇಡಿ ಪಟ್ಟಿ ಸೇರಿಸಿದ್ದರು. ನಡುರಾತ್ರಿ ಫ್ಯೂಸ್ ಹೋಗಿ ಎರಡೂ ದೀಪ ಆರಿದವು. ಲೋಡ್ ಇಟ್ಟುಕೊಂಡು ರಸ್ತೆ ಪಕ್ಕ ಬೆಳಗಿನವರೆಗೆ ಕೂತೆ, ಮಂಡಿ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತು. ಆ ರೈತರ ಮುಖ ಇನ್ನೂ ಕಣ್ಣಮುಂದೆ ಇದೆ. ಲೈಟು ಬೇಕೇ ಬೇಕು ಅಂದರೆ ಗಾಡಿಯ ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದ ಬೇರೆ ಫ್ಯೂಸು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇಟ್ಟು ಹಾಕಿಸಿ, ಅದಕ್ಕೂ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್, ಅದನ್ನು ಯಾರಿಗೂ ಮುಟ್ಟಲು ಬಿಡಬೇಡಿ.

ರೇಂಜ್, ಅಂದರೆ ಒಮ್ಮೆ ಫುಲ್ ಚಾರ್ಜ್ ಮಾಡಿದರೆ ಓಡುವ ದೂರ, ಲೆಕ್ಕಕ್ಕೆ 161 ಕಿ.ಮೀ., ಆದರೆ ಅದು ಟೆಸ್ಟ್‌ನ ಅಂಕಿ. ಲೋಡ್ ಇರುವವರು 100 ಅಂತ ಇಟ್ಟುಕೊಂಡು ಟ್ರಿಪ್ ಹಾಕಿಕೊಂಡರೆ ನೆಮ್ಮದಿ.

ಇವತ್ತೇ ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಮ್ಮೆಗೆ ಎಳೆಯಲು ಒಪ್ಪಿಗೆ ಇರುವ ಕರೆಂಟು, ಎಷ್ಟಿದೆ ನೋಡಿ. 1 ಕಿಲೋವ್ಯಾಟ್ ಇದ್ದರೆ ಚಾರ್ಜಿಂಗ್‌ಗೆ ಸಾಲದು, ಗಾಡಿ ಬರುವ ಮುಂಚೆಯೇ ಬೆಸ್ಕಾಂಗೆ ಅರ್ಜಿ ಹಾಕಿ ಜಾಸ್ತಿ ಮಾಡಿಸಿಕೊಳ್ಳಿ.